ಡೈರಿ ಕಂಪ್ಯೂಟರಿಗೆ ನಾನು ಮಾಡಿದ ಉಪಕಾರ

ಯಂತ್ರಗಳ ವಿಷಯದಲ್ಲಿ ನನಗೆ ನನ್ನ ಮೇಲೆ ಅಪಾರ ನಂಬಿಕೆ. ಇರಲೇಬೇಕಲ್ಲ! ನಂಜನಗೂಡಿನ ಪಕ್ಕದ ತಾಂಡ್ಯದ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಲೇ ತಲೆಗೂದಲು ಬೆಳ್ಳಗೆ ಮಾಡಿಕೊಂಡು ನಿವೃತ್ತನಾದವನು ನಾನು. ನಮ್ಮ ಮನೆಯ ಮಿಕ್ಸಿ, ಪಕ್ಕದ ಮನೆಯ ನೀರಿನ ಮೋಟಾರು, ಎದುರು ಮನೆಯ ಇಸ್ತ್ರಿಪೆಟ್ಟಿಗೆ, ಯಾವುದು ಕೆಟ್ಟರೂ ಸ್ಕ್ರೂಡ್ರೈವರ್ ಹಿಡಿದು ಹೋಗಿಬಿಡುತ್ತೇನೆ. ಯಾರೂ ಕರೆಯಬೇಕಾದ್ದಿಲ್ಲ. ನಿಜ ಹೇಳಬೇಕೆಂದರೆ, ಯಾರೂ ಕರೆದಿದ್ದೂ ಇಲ್ಲ.

ನನ್ನ ಹೆಂಡತಿ ಗಿರಿಜ ನಮ್ಮೂರಿನ ಮಹಿಳಾ ಹಾಲು ಸಂಘದ ಕಾರ್ಯದರ್ಶಿ. ನಮ್ಮೂರು ನಂಜನಗೂಡಿನಿಂದ ದೇವನೂರಿನ ಕಡೆ ಹೋಗುವ ದಾರಿಯಲ್ಲಿದೆ. ಬೆಳಿಗ್ಗೆ ಸಂಜೆ ಊರಿನ ಹೆಂಗಸರೆಲ್ಲ ಕ್ಯಾನು ಹಿಡಿದು ಡೈರಿಗೆ ಬರುತ್ತಾರೆ. ಹಾಲನ್ನು ಅಳೆದು, ಫ್ಯಾಟ್ ನೋಡುವ ಮಿಷನ್ನಿಗೆ ಒಂದಿಷ್ಟು ಹಾಕಿದರೆ, ಹಾಲು ಎಷ್ಟು ಗಟ್ಟಿ ಎಂಬುದು ಕಂಪ್ಯೂಟರಿನ ಪರದೆಯ ಮೇಲೆ ಬಂದು, ಚೀಟಿಯೂ ಅಚ್ಚಾಗಿ ಹೊರಗೆ ಬೀಳುತ್ತದೆ. ಮಿಷನ್ನಿನ ಮೇಲೂ ಅಂಕಿ ತೋರಿಸುವ ಒಂದು ಪುಟ್ಟ ಕಿಟಕಿ ಇತ್ತು. ಅದು ಮಂಕಾಗಿ ಎಷ್ಟೋ ಕಾಲವಾಯಿತು. ಹಾಗಾಗಿ ಎಲ್ಲಕ್ಕೂ ಕಂಪ್ಯೂಟರೇ ಗತಿ.

ಈ ಕಂಪ್ಯೂಟರಿಗೆ ಅದರ ಸಾಫ್ಟ್‌ವೇರನ್ನೆಲ್ಲ ತುಂಬಿಕೊಟ್ಟವನು ಗಿರಿಜಳ ತಮ್ಮ ಬಸು. ತಿ. ನರಸೀಪುರದಲ್ಲಿ ಅವನದು ಕಂಪ್ಯೂಟರ್ ರಿಪೇರಿ ಅಂಗಡಿ. ಕಂಪ್ಯೂಟರ್ ಆನ್ ಮಾಡಿದಾಗಲೆಲ್ಲ ಪರದೆಯ ಮೂಲೆಯಲ್ಲಿ ‘ಅಪ್‌ಡೇಟ್ ಬಂದಿದೆ, ಮಾಡಲೇ?’ ಎಂದು ಇಂಗ್ಲಿಷಿನಲ್ಲಿ ಬಹಳ ವಿನಯವಾಗಿ ಕೇಳುತ್ತಿತ್ತು. ಗಿರಿಜ ಪ್ರತಿ ಸಲವೂ ‘ಆಮೇಲೆ’ ಎಂಬುದನ್ನು ಒತ್ತಿ ಮುಂದೆ ಹೋಗುತ್ತಿದ್ದಳು.

“ಅದೇನೋ ಕೇಳ್ತದಲ್ಲ, ಮಾಡಬಾರದಾ?” ಎಂದೆ ಒಂದು ದಿನ.

“ಬಸು ಬಂದಾಗ ಮಾಡ್ತಾನೆ. ನೀವು ಮುಟ್ಟಬೇಡಿ.”

ಬಾಯ್ಲರ್ ಆಳಿದವನಿಗೆ ಇಂಥ ಮಾತೇ! ಮನಸ್ಸಿಗೆ ಬಹಳ ನೋವಾಯಿತು.

ಅವಕಾಶ ತಾನಾಗಿಯೇ ಒದಗಿಬಂತು. ಒಂದು ಬೆಳಿಗ್ಗೆ ಹಾಲೆಲ್ಲ ಹಾಕಿಸಿಕೊಂಡು, ವ್ಯಾನಿಗೆ ತುಂಬಿಸಿ, ಗಿರಿಜ ಮನೆಗೆ ಹೊರಟಳು. “ಕ್ಯಾನು ತೊಳ್ದಿರೋದು ಒಣಗೋವರ್ಗೂ ಒಂಚೂರು ಕೂತಿರಿ, ಆಮೇಲೆ ಬೀಗ ಹಾಕ್ಕೊಂಡು ಬನ್ನಿ” ಎಂದು ಬೀಗದ ಕೈ ನನ್ನ ಕೈಗಿತ್ತಳು. ನಾನು ಕೂತೆ. ಕ್ಯಾನು ಒಣಗುತ್ತಿತ್ತು. ಕಂಪ್ಯೂಟರ್ ಕೇಳುತ್ತಿತ್ತು. ಒಂದು ಯಂತ್ರ ಬಾಯಿ ಬಿಟ್ಟು ಸಹಾಯ ಕೇಳುವಾಗ ಕೈಕಟ್ಟಿ ಕೂರುವುದು ಮನುಷ್ಯತ್ವವೇ? ಒತ್ತಿದೆ.

ಮೊದಲು ಪಾಸ್‌ವರ್ಡ್ ಕೇಳಿತು. ಅದು ಗೋಡೆಯ ಕ್ಯಾಲೆಂಡರಿನ ಹಿಂದೆ ಇದೆ ಎಂಬುದು ಊರಿಗೇ ಗೊತ್ತಿರುವ ಗುಟ್ಟು. ಹಾಕಿದೆ. ಆಮೇಲೆ, ‘ಬೂಟ್’ ಎಂಬ ಕಡೆ ಜಾಗ ಸಾಲದು, ಸ್ವಲ್ಪ ಖಾಲಿ ಮಾಡಿ ಎಂದಿತು. ಸರಿ, ಕೇಳುವುದರಲ್ಲಿ ತಪ್ಪೇನಿದೆ? ಆ ಜಾಗವನ್ನು ತೆಗೆದು ನೋಡಿದೆ. ಉದ್ದುದ್ದ ಹೆಸರಿನ ಕಡತಗಳು. ಅವುಗಳಲ್ಲಿ ಕೆಲವು ಮಾತ್ರ ಸಿಕ್ಕಾಪಟ್ಟೆ ದಪ್ಪ. ದಪ್ಪಗಿದ್ದವುಗಳ ಹೆಸರಿನಲ್ಲೆಲ್ಲ ‘ಐಎಂಜಿ’ ಎಂದಿತ್ತು.

ಐಎಂಜಿ ಎಂದರೆ ಇಮೇಜ್. ಇಮೇಜ್ ಎಂದರೆ ಫೋಟೋ. ಇಷ್ಟು ಇಂಗ್ಲಿಷ್ ನನಗೂ ಬರುತ್ತದೆ! ಸಂಘದ ವಾರ್ಷಿಕೋತ್ಸವದಲ್ಲಿ ಯಾರೋ ತೆಗೆದ ಫೋಟೋಗಳು ದಾರಿ ತಪ್ಪಿ ಇಲ್ಲಿ ಬಂದು ಜಾಗ ತಿನ್ನುತ್ತಿವೆ ಎಂಬುದು ನನಗೆ ತಕ್ಷಣ ಹೊಳೆಯಿತು. ಆದರೂ ಜವಾಬ್ದಾರಿಯುಳ್ಳ ಮನುಷ್ಯ ನೋಡಿ, ಅಳಿಸುವ ಮುಂಚೆ ಒಂದೊಂದನ್ನೂ ತೆರೆದು ನೋಡಲು ಪ್ರಯತ್ನಿಸಿದೆ. ಒಂದೂ ತೆರೆಯಲಿಲ್ಲ. ಹಾಳಾದ ಫೋಟೋಗಳು! ಒಂದನ್ನೂ ಬಿಡದೆ ಅಳಿಸಿದೆ. ಕಸದಬುಟ್ಟಿಯಲ್ಲೂ ಉಳಿಯಬಾರದೆಂದು ಅದನ್ನೂ ಬರಿದು ಮಾಡಿದೆ. ನಾನು ಕೆಲಸ ಅರ್ಧಕ್ಕೆ ಬಿಡುವವನಲ್ಲ.

ಅಪ್‌ಡೇಟ್ ಮತ್ತೆ ಶುರುವಾಯಿತು. ನೀಲಿ ಗೆರೆ ಬೆಳೆಯುತ್ತಾ ಹೋಗಿ, ಕೊನೆಯಲ್ಲಿ ಇನ್ನೇನು ಮುಗಿಯಿತು ಎನ್ನುವಾಗ ನಿಂತುಬಿಟ್ಟಿತು. ಕಾದೆ. ಇನ್ನೂ ಕಾದೆ. ಅಲ್ಲಾಡಲಿಲ್ಲ. ನಮ್ಮ ಕಾರ್ಖಾನೆಯಲ್ಲಿ ಹೀಗೆ ಹಟ ಹಿಡಿದು ನಿಂತ ಮಿಷನ್ನಿಗೆ ಒಂದೇ ಮದ್ದು: ಸ್ವಿಚ್ ಆಫ್ ಮಾಡಿ ಆನ್ ಮಾಡುವುದು.

ಮಾಡಿದೆ.

ಪರದೆ ಕಪ್ಪಾಯಿತು. ಕಪ್ಪಿನ ಮೇಲೆ ಬಿಳಿ ಅಕ್ಷರಗಳು ಸಾಲುಸಾಲಾಗಿ ಓಡಿದವು. ಕೊನೆಯ ಸಾಲು ಓದಿದೆ. ‘ಕರ್ನಲ್ ಪ್ಯಾನಿಕ್’ ಎಂದಿತ್ತು. ಕರ್ನಲ್ ಯಾರೋ ನನಗೆ ತಿಳಿಯದು. ಪ್ಯಾನಿಕ್ ಎಂದರೆ ಗಾಬರಿ ಎಂಬುದು ತಿಳಿದಿತ್ತು. ಗಾಬರಿಯಾಗಬೇಕಾದವನು ನಾನು! ಇದಕ್ಕೇನು ಧಾಡಿ?

ಅಷ್ಟರಲ್ಲಿ, ಇವರೇಕೆ ಇನ್ನೂ ಬರಲಿಲ್ಲವೆಂದು ಗಿರಿಜ ವಾಪಸು ಬಂದಳು. ಬಾಗಿಲಲ್ಲೇ ನಿಂತು ಪರದೆ ನೋಡಿದಳು. ನನ್ನನ್ನು ನೋಡಿದಳು. ಮತ್ತೆ ಪರದೆ ನೋಡಿದಳು.

“ಏನ್ ಮಾಡಿದ್ರಿ?”

“ಏನಿಲ್ಲ. ಸ್ವಲ್ಪ ಜಾಗ ಖಾಲಿ ಮಾಡಿದೆ.”

“ಜಾಗ ಖಾಲಿ ಮಾಡಿ ಅಂತ ನಾನು ನಿಮಗೇ ಹೇಳಬೇಕಿತ್ತು!” ಎಂದು ಅವಳು ತಲೆ ಮೇಲೆ ಕೈ ಹೊತ್ತು ಕೂತಳು. “ಸಂಜೆ ಊರೋರೆಲ್ಲ ಹಾಲು ತತ್ತಾರೆ. ಫ್ಯಾಟ್ ಹೆಂಗೆ ನೋಡ್ಲಿ? ಚೀಟಿ ಹೆಂಗೆ ಕೊಡ್ಲಿ? ಹೋದ ಮೀಟಿಂಗ್‌ನಲ್ಲಿ ತಾನೇ ಎಲ್ಲಾರೂ ಎದ್ದು, ಕಾರ್ಯದರ್ಶಿ ಅಂದ್ರೆ ಗಿರಿಜಕ್ಕನಂಗಿರಬೇಕು ಅಂದಿದ್ರು. ಇವತ್ತು ಅದಕ್ಕೂ ಎಳ್ಳುನೀರು ಬಿಟ್ರಿ.”

ಬಸುವಿಗೆ ಫೋನ್ ಮಾಡಿದೆವು. ಅವನು ಅಂಗಡಿಯ ಗದ್ದಲದ ನಡುವೆಯೂ ಸಮಾಧಾನವಾಗಿಯೇ ಕೇಳಿದ. “ಭಾವ, ಗಾಬರಿಯಾಗಬೇಡಿ. ಆಫ್ ಮಾಡಿ, ಆನ್ ಮಾಡಿದ ತಕ್ಷಣ ಎಸ್ಕೇಪ್ ಒತ್ತಿ. ಹಳೇ ಕರ್ನಲ್‌ಗಳ, ಅಂದ್ರೆ ಕಂಪ್ಯೂಟರ್ ನಡೆಸೋ ತಿರುಳು ಪ್ರೋಗ್ರಾಂಗಳ, ಸಾಲು ಬರುತ್ತೆ. ಹೊಸದು ಕೆಟ್ಟರೂ ಹಳೇದರಲ್ಲಿ ಏಳುತ್ತೆ.”

ಸಾಲು ಬಂತು. ಮೊದಲನೆಯದನ್ನು ಒತ್ತಿದೆ. ಗಾಬರಿ. ಎರಡನೆಯದು. ಅದಕ್ಕೂ ಗಾಬರಿ. ಎಲ್ಲ ಕರ್ನಲ್‌ಗಳೂ ಒಂದೇ ಸಮನೆ ಗಾಬರಿ ಬಿದ್ದಿದ್ದರು!

“ಹಂಗಾಗಕ್ಕೆ ಸಾಧ್ಯವೇ ಇಲ್ಲ ಭಾವ. ಹಳೇ ಬೂಟ್ ಇಮೇಜ್‌ಗಳು ಇರ್ತವಲ್ಲ.”

“ಯಾವುದು, ಆ ಐಎಂಜಿ ಅಂತ ಇದ್ದವಾ?”

“ಅವೇ.”

“ಅಳಿಸಿದೆ.”



“ಎಲ್ಲಾನೂ?”

“ಫೋಟೋಗಳು ಅಲ್ಲವೇನಪ್ಪಾ?”

“ಫೋಟೋ ಅಲ್ಲ ಭಾವ! ಕಂಪ್ಯೂಟರ್ ಎದ್ದ ತಕ್ಷಣ ಅದರ ಹಾರ್ಡ್ ಡಿಸ್ಕ್ ಎಲ್ಲಿದೆ, ಹೆಂಗೆ ತೆರೀಬೇಕು ಅಂತ ಹೇಳಿಕೊಡೋ ಕಟ್ಟು ಅದು. ಅದಿಲ್ಲದಿದ್ರೆ ಎದ್ದ ಕಂಪ್ಯೂಟರ್‌ಗೆ ತಾನ್ ಯಾರು ಅನ್ನೋದೂ ಗೊತ್ತಾಗಲ್ಲ. ಹೋಗ್ಲಿ, ಅಪ್‌ಡೇಟ್ ಹೊಸದೊಂದನ್ನ ಕಟ್ಟಿರಬೇಕಲ್ಲ?”

“ಅದು ಕೊನೇಲಿ ನಿಂತುಬಿಟ್ಟಿತ್ತು. ಸ್ವಿಚ್ ಆಫ್ ಮಾಡಿದೆ.”

“ಆಗಲೇ ಕಟ್ತಾ ಇದ್ದಿದ್ದು ಭಾವ.” ಅವನ ದನಿಯಲ್ಲಿದ್ದ ಸಮಾಧಾನ ಅಲ್ಲಿಗೆ ಮುಗಿಯಿತು. “ಅಂಗಡಿ ಬಿಟ್ಟು ಬರೋ ಹಂಗಿಲ್ಲ. ಪೆಟ್ಟಿಗೆ ತಗೊಂಡು ನೀವೇ ಬನ್ನಿ. ದಾರೀಲಿ ಏನೂ ರಿಪೇರಿ ಮಾಡಬೇಡಿ!”

ಕಂಪ್ಯೂಟರಿನ ಪೆಟ್ಟಿಗೆಯನ್ನು ಹಳೆಯ ಸೀರೆಯಲ್ಲಿ ಸುತ್ತಿ, ಅಕ್ಕಿಚೀಲದಲ್ಲಿ ತುರುಕಿ, ನಂಜನಗೂಡಿಗೆ ಬಂದು ನರಸೀಪುರದ ಬಸ್ಸು ಹತ್ತಿದೆ. ಬಸ್ಸಿನ ತುಂಬ ಹೆಂಗಸರು. ಹೇಗೋ ಒಂದು ಸೀಟಿನ ತುದಿ ಸಿಕ್ಕಿತು. ಚೀಲವನ್ನು ಮಗುವಿನಂತೆ ತೊಡೆಯ ಮೇಲೆ ಕೂರಿಸಿಕೊಂಡೆ.

ಕಂಡಕ್ಟರ್ ಚೀಲವನ್ನು ಅನುಮಾನದಿಂದ ನೋಡಿದ. “ಮೂಟೇಲಿ ಏನ್ ಸಾ? ಕೋಳಿಗೀಳಿ ಅಲ್ಲ ತಾನೆ?”

“ಕಂಪ್ಯೂಟರು ಕಣಪ್ಪ.”

ಹೇಳಬಾರದಿತ್ತು. ಮುಂದಿನ ಸೀಟಿನ ಹೆಂಗಸು ಕೂಡಲೇ ತಿರುಗಿದಳು. “ಆಧಾರ್ ಮಾಡೋರಾ ಸಾ? ನನ್ ಕಾರ್ಡಲ್ಲಿ ಯಸ್ರು ತಪ್ಪಾಗದೆ.”

“ನಾನು ಆಧಾರ್ ಮಾಡುವವನಲ್ಲಮ್ಮ.”

“ಅಂಗಾರೆ ಪಾಣೀನಾ?” ಎಂದ ಪಕ್ಕದವನು.

“ಪಹಣಿಯೂ ಅಲ್ಲಪ್ಪ. ಇದು ಡೈರಿ ಕಂಪ್ಯೂಟರು. ಕೆಟ್ಟಿದೆ.”

“ಯಾರ್ ಕೆಡ್ಸಿದ್ದು?”

ಕಿಟಕಿಯಾಚೆ ಗದ್ದೆಗಳು ಬಹಳ ಚೆನ್ನಾಗಿದ್ದವು. ಅವುಗಳನ್ನೇ ನೋಡುತ್ತಾ ಕೂತೆ. ಕಂಡಕ್ಟರ್ ಮಾತ್ರ ಬಿಡಲಿಲ್ಲ. ಇಳಿಯುವವರೆಗೂ, ತನ್ನ ಹೆಂಡತಿಯ ಕಾರ್ಡಿನಲ್ಲಿ ಫೋಟೋ ಬದಲಾಯಿಸಿಕೊಡಲು ನಾನು ಮನಸ್ಸು ಮಾಡಬೇಕೆಂದೂ, ಮನಸ್ಸು ಮಾಡಿದರೆ ನನಗೆ ಅದೇನು ದೊಡ್ಡದಲ್ಲವೆಂದೂ ಹೇಳುತ್ತಲೇ ಇದ್ದ.

ಬಸುವಿನ ಅಂಗಡಿ ತಲುಪಿದಾಗ ಊಟದ ಹೊತ್ತು ಮೀರಿತ್ತು. ಅವನು ಪೆಟ್ಟಿಗೆಯನ್ನು ಬಿಚ್ಚಿ, ಪೆನ್‌ಡ್ರೈವ್ ಒಂದನ್ನು ಹಿಂಭಾಗಕ್ಕೆ ಸಿಕ್ಕಿಸಿ, ಕಪ್ಪು ಪರದೆಯ ಮೇಲೆ ಏನೇನೋ ಬರೆಯತೊಡಗಿದ. ನಾನು ಪಕ್ಕದಲ್ಲಿ ಕೂತು ಅನುಭವದ ಮಾತುಗಳಿಂದ ಅವನಿಗೆ ನೆರವಾದೆ. ಬಾಯ್ಲರಿನಲ್ಲಿ ಒತ್ತಡ ಏರಿದಾಗ ಏನು ಮಾಡಬೇಕು, ಇಳಿದಾಗ ಏನು ಮಾಡಬೇಕು, ಎಲ್ಲವನ್ನೂ ವಿವರಿಸಿದೆ.

“ಭಾವ, ಆಚೆ ಹೋಗಿ ಟೀ ಕುಡ್ಕೊಂಡು ಬನ್ನಿ” ಎಂದ.

ಕುಡಿದು ಬಂದೆ.

“ಇನ್ನೊಂದು ಕುಡೀರಿ” ಎಂದ.

ಮತ್ತೆ ಬರುವಷ್ಟರಲ್ಲಿ ಕಂಪ್ಯೂಟರ್ ಎದ್ದು ಕೂತಿತ್ತು! ಪರದೆಯ ಮೇಲೆ ನಮ್ಮ ಡೈರಿಯ ಲೆಕ್ಕದ ಪುಟ ಬೆಳಗುತ್ತಿತ್ತು. ಕುಣಿಯುವುದೊಂದು ಬಾಕಿ. ತಕ್ಷಣ ಗಿರಿಜಳಿಗೆ ಫೋನ್ ಹಚ್ಚಿದೆ. “ಗಿರಿಜಾ, ಆಯ್ತು! ಎಲ್ಲ ಸರಿಹೋಯ್ತು! ಸಂಜೆ ಒಂಚೂರು ತಡವಾದ್ರೂ ಎಲ್ಲರನ್ನೂ ನಿಲ್ಲಿಸ್ಕೋ. ನಾನು ತತ್ತಾ ಇದೀನಿ!”

“ನಿಜವಾಗ್ಲೂ?”

“ನಾನಿಲ್ವಾ!”

ನಾನು ಮಾತಾಡುತ್ತಿರುವಾಗ ಬಸು ನನ್ನ ಮುಂದೆ ನಿಂತು ಪೆಟ್ಟಿಗೆಯ ಹಿಂಭಾಗ ತೋರಿಸುತ್ತಾ ಏನೋ ಹೇಳಿದ. ಪೆನ್‌ಡ್ರೈವ್ ಎಂಬ ಶಬ್ದ ಕಿವಿಗೆ ಬಿದ್ದಂತಿತ್ತು. ನಾನು ಗಂಭೀರವಾಗಿ ತಲೆಯಾಡಿಸಿದೆ. ಗೆದ್ದವನ ಕಿವಿಗೆ ವಿವರಗಳು ಇಳಿಯುವುದಿಲ್ಲ.

ನರಸೀಪುರದ ಬಸ್ ನಿಲ್ದಾಣದಲ್ಲಿ ಚೀಲ ಇಳಿಸಿ, ಎಲ್ಲ ಸರಿಯಿದೆಯೇ ಎಂದು ಸೀರೆ ಸರಿಸಿ ನೋಡಿದೆ. ಪೆಟ್ಟಿಗೆಯ ಹಿಂಭಾಗದಲ್ಲಿ ಬಸುವಿನ ಪೆನ್‌ಡ್ರೈವ್ ಹಾಗೇ ಉಳಿದಿತ್ತು! ಪಾಪ, ಹುಡುಗ ಕೆಲಸದ ಭರದಲ್ಲಿ ಮರೆತಿದ್ದಾನೆ. ಎಷ್ಟು ಜನಕ್ಕೆ ಅದರ ಅಗತ್ಯವಿದೆಯೋ, ಸಿಗದೆ ಎಷ್ಟು ಹುಡುಕಾಡುತ್ತಾನೋ! ಬೇರೆಯವರ ವಸ್ತುವನ್ನು ಹೀಗೆ ಹೊತ್ತುಕೊಂಡು ಹೋಗುವ ಜಾಯಮಾನ ನನ್ನದಲ್ಲ. ಕಿತ್ತೆ. ಬಸುವಿನ ಅಂಗಡಿಯ ಮುಂದೆಯೇ ಆಟೋ ನಿಲ್ಲಿಸುವ ಒಬ್ಬ ಡ್ರೈವರ್ ಅಲ್ಲೇ ಸಿಕ್ಕಿದ. “ಇದನ್ನ ಬಸು ಕೈಗೇ ಕೊಡಬೇಕು ಕಣಪ್ಪ, ಮರೀಬೇಡ” ಎಂದು ಒಪ್ಪಿಸಿದೆ. ಬಸ್ಸು ಹತ್ತುವಾಗ ನನ್ನ ಪ್ರಾಮಾಣಿಕತೆಗೆ ನಾನೇ ತಲೆದೂಗಿದೆ.

ಊರು ಸೇರಿದಾಗ ಡೈರಿಯ ಮುಂದೆ ಜಾತ್ರೆಯಷ್ಟು ಜನ. ಮಾಮೂಲಾಗಿ ಆ ಹೊತ್ತಿಗೆ ಅರ್ಧ ಹಾಲು ಮುಗಿದಿರಬೇಕು. ನನ್ನ ಫೋನ್ ನಂಬಿ ಗಿರಿಜ ಎಲ್ಲರನ್ನೂ ನಿಲ್ಲಿಸಿಕೊಂಡಿದ್ದಳು. “ಬಂದ್ರು, ಬಂದ್ರು!” ಎಂದು ದಾರಿ ಬಿಟ್ಟರು. ಆ ಎರಡು ಸಾಲು ಹೆಂಗಸರ ನಡುವೆ, ಹೆಗಲ ಮೇಲೆ ಚೀಲ ಹೊತ್ತು ನಡೆದು ಬಂದೆನಲ್ಲ, ನಿವೃತ್ತಿಯ ದಿನ ಹಾರ ಹಾಕಿಸಿಕೊಂಡಾಗಲೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ.

ತಂತಿಗಳನ್ನೆಲ್ಲ ಜೋಡಿಸಿದೆ. ಎಲ್ಲರೂ ಕಿಟಕಿಯಲ್ಲಿ ಇಣುಕಿದರು. ಸ್ವಿಚ್ ಒತ್ತಿದೆ.

ಕಪ್ಪು ಪರದೆ. ಒಂದೇ ಒಂದು ಸಾಲು. ಬೂಟ್ ಮಾಡುವ, ಅಂದರೆ ಕಂಪ್ಯೂಟರನ್ನು ಎಬ್ಬಿಸುವ, ಸಾಧನವೇ ಇಲ್ಲ ಎಂದಿತ್ತು. ಈ ಸಲ ಗಾಬರಿ ಬೀಳಲು ಕರ್ನಲ್ ಸಹ ಇರಲಿಲ್ಲ!

“ಏನಂತೆ?” ಎಂದಳು ಗಿರಿಜ, ಬಹಳ ಮೆಲ್ಲಗೆ.

“ಬೂಟ್ ಆಗ್ತಿಲ್ಲ.”

“ಏನಾಗ್ತಿಲ್ವಂತೆ?” ಎಂದು ಹೊರಗಿನಿಂದ ಯಾರೋ ಕೇಳಿದರು. “ಅದೇನೋ ಬೂಟಂತೆ, ಇಲ್ವಂತೆ” ಎಂದು ಇನ್ಯಾರೋ ಹೇಳಿದರು.

ಅಷ್ಟರಲ್ಲಿ ಬಸುವಿನ ಫೋನ್ ಬಂತು. “ಭಾವ, ಆಟೋದವನು ಪೆನ್‌ಡ್ರೈವ್ ತಂದುಕೊಟ್ಟ. ಯಾಕೆ ಕಳಿಸಿದ್ರಿ?”

“ನೀನು ಮರೆತಿದ್ದೆಯಲ್ಲಪ್ಪಾ!”

“ಮರೆತಿರಲಿಲ್ಲ ಭಾವ! ಹಾರ್ಡ್ ಡಿಸ್ಕ್‌ನಲ್ಲಿ ಆ ಬೂಟ್ ಜಾಗ ಚಿಕ್ಕದು, ಅದನ್ನ ದೊಡ್ಡದು ಮಾಡಕ್ಕೆ ಟೈಮ್ ಬೇಕು. ಅದಕ್ಕೇ ಸದ್ಯಕ್ಕೆ ಬೂಟ್ ಇಮೇಜ್ ಎಲ್ಲ ಪೆನ್‌ಡ್ರೈವ್‌ನಲ್ಲಿ ಇಟ್ಟು, ಅಲ್ಲಿಂದಲೇ ಏಳೋ ಹಂಗೆ ಮಾಡಿದ್ದೆ. ಏನಾದ್ರೂ ಆಗ್ಲಿ, ಇದನ್ನ ಕೀಳಬೇಡಿ, ನಾಳೆ ನಾನೇ ಬತ್ತೀನಿ ಅಂತ ನಿಮ್ಮ ಮುಖದ ಮುಂದೆ ನಿಂತು ಹೇಳ್ದೆ. ನೀವು ತಲೆ ಆಡಿಸಿದ್ರಿ!”

ಫೋನಿನ ಸ್ಪೀಕರ್ ಆನ್ ಆಗಿತ್ತು. ಇದನ್ನು ನಾನು ಮಾತ್ರವಲ್ಲ, ಕಿಟಕಿಯಲ್ಲಿ ಇಣುಕುತ್ತಿದ್ದ ಅಷ್ಟೂ ಜನ ಕೇಳಿಸಿಕೊಂಡರು.

ಒಂದೇ ಹಸು ಸಾಕಿರುವ, ಆದರೆ ಹತ್ತು ಹಸುವಿನವರಿಗೆ ಆಗುವಷ್ಟು ಮಾತಾಡುವ ಚಿಕ್ಕತಾಯಮ್ಮ ಮುಂದೆ ಬಂದಳು. “ಅಲ್ಲ ಕಣಪ್ಪ ಮಲ್ಲಣ್ಣ, ಓಗ್ವಾಗ ಕೆಟ್ಟಿತ್ತು, ಬರ್ವಾಗ್ಲೂ ಕೆಟ್ಟದೆ. ಬಸ್ ಚಾರ್ಜು ಯಾಕೆ ದಂಡ ಮಾಡ್ದೆ? ಮನೇಲೇ ಮಡಿಕಂಡು ಕೆಡಿಸ್ಬೋದಿತ್ತಲ್ಲ!”

ದೂರದಲ್ಲಿ ಹಾಲಿನ ವ್ಯಾನಿನ ಹಾರನ್ ಕೇಳಿಸಿತು. ಇನ್ನು ಸುಮ್ಮನಿದ್ದರೆ ಊರಿನ ಹಾಲೆಲ್ಲ ಹಾಳು. ಗಿರಿಜ ಸೆರಗು ಸಿಕ್ಕಿಸಿ ಮೇಜಿನ ಮುಂದೆ ನಿಂತಳು.

“ಎಲ್ಲಾರೂ ಕೇಳಿ. ಹಾಲು ಅಳತೆ ಮಾಡಿ ಕೈಲೇ ಬರ್ಕೋತೀನಿ. ಫ್ಯಾಟ್ ನಿನ್ನೆ ಸಂಜೆ ಎಷ್ಟಿತ್ತೋ ಇವತ್ತೂ ಅಷ್ಟೇ. ಓಡೋಗಿ ನಿನ್ನೆ ಚೀಟಿ ತನ್ನಿ!”

ನ್ಯಾಯವಾದ ತೀರ್ಮಾನವೆಂದೇ ನನಗನ್ನಿಸಿತು. ಆದರೆ ಊರು ಎರಡು ಭಾಗವಾಯಿತು. ನಿನ್ನೆ ಗಟ್ಟಿ ಹಾಲು ಹಾಕಿದವರು ನಗುತ್ತಾ ಮನೆಗೆ ಓಡಿದರು. ತೆಳ್ಳಗೆ ಹಾಕಿದವರು ಜಗಳಕ್ಕೆ ನಿಂತರು.

“ನೆನ್ನೆ ನನ್ ಎಮ್ಮೆಗೆ ಉಸಾರಿರ್ನಿಲ್ಲ!” ಎಂದಳು ರತ್ನಮ್ಮ. “ಇವತ್ತು ನೋಡು, ಕೆನೆ ಎಂಗ್ ಕಟ್ಟದೆ! ಇದುಕ್ಕೆ ನೆನ್ನೆ ಫ್ಯಾಟಾ? ನಿನ್ ಗಂಡ ಮಾಡ್ದ ಕೆಲ್ಸಕ್ಕೆ ನನ್ ಎಮ್ಮೆ ಯಾಕ್ ನಷ್ಟ ಅನುಬೋಸಬೇಕು?”

“ಚಿಕ್ಕತಾಯಮ್ಮ, ನಿನ್ ಚೀಟಿ ಎಲ್ಲಿ?” ಎಂದಳು ಗಿರಿಜ.

“ಅಸ ತಿಂದ್ಬುಡ್ತು ಕಣವ್ವ.”

“ಚೀಟೀನಾ?”

“ಊಂ. ಅದೇನ್ ರುಚಿ ಕಂಡ್ತೋ! ಎಲ್ರಿಗೂ ಎಷ್ಟು ಆಕ್ತೀಯೋ ಅಷ್ಟೇ ಆಕು, ನಾನೇನು ಬ್ಯಾಡ ಅನ್ನಕಿಲ್ಲ.”

ಅವಳ ಹಾಲು ನಿನ್ನೆ ನೀರಿಗೆ ಬಹಳ ಹತ್ತಿರದ ಸಂಬಂಧಿಯಾಗಿತ್ತು ಎಂಬುದು ಊರಿಗೆಲ್ಲ ಗೊತ್ತು. ಎಲ್ಲರೂ ಒಟ್ಟಿಗೆ ಬಾಯಿ ಮಾಡತೊಡಗಿದರು. ನಾನು ಸಮಾಧಾನ ಮಾಡಲೆಂದು, “ತಾಯಂದಿರೇ, ತಾಂತ್ರಿಕವಾಗಿ ಹೇಳುವುದಾದರೆ…” ಎಂದು ಆರಂಭಿಸಿದೆ.

“ನೀವ್ ಬಾಯ್ ಮುಚ್ಕೊಂಡು ಕ್ಯಾನ್ ಹಿಡ್ಕೊಳ್ರೀ!” ಎಂದಳು ಗಿರಿಜ.

ಹಿಡಿದುಕೊಂಡೆ. ಅವಳು ಒಬ್ಬೊಬ್ಬರನ್ನೇ ಕರೆದು, ಅಳೆದು, ಬರೆದು, ರೇಗಿದವರನ್ನು ತಾನೂ ರೇಗಿಯೇ ಸುಮ್ಮನಾಗಿಸಿ, ವ್ಯಾನು ಹೊರಡುವ ಹೊತ್ತಿಗೆ ಅಷ್ಟೂ ಹಾಲು ತುಂಬಿಸಿಬಿಟ್ಟಳು. ಒಂದು ತೊಟ್ಟೂ ಕೆಡಲಿಲ್ಲ. ರತ್ನಮ್ಮನ ಎಮ್ಮೆಯ ನಷ್ಟವನ್ನು ಮುಂದಿನ ಸಲ ನೋಡಿಕೊಂಡು ಸರಿಮಾಡುವುದಾಗಿ ಮಾತು ಕೊಟ್ಟಳು. ಕೊನೆಗೆ ಬೆವರು ಒರೆಸಿಕೊಂಡು ನನ್ನ ಕಡೆ ತಿರುಗಿದಳು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ.

“ನಿಮ್ಮ ಫೋನ್ ಬಂದಾಗ, ಪರವಾಗಿಲ್ಲ, ಈ ಸಲ ಮಾಡಿದ್ರು ಅಂದ್ಕೊಂಡಿದ್ದೆ ಕಣ್ರೀ” ಎಂದಳು ಅಷ್ಟೇ.

ಬೈದಿದ್ದರೆ ಚೆನ್ನಾಗಿತ್ತು.

ಮಾರನೆಯ ಬೆಳಿಗ್ಗೆ ಬಸು ಬೈಕಿನಲ್ಲಿ ಬಂದ. ನಾನು ಬಾಗಿಲ ಹೊರಗೆ ನಿಂತು ನೋಡಿದೆ. ಬೂಟ್ ಜಾಗವನ್ನು ದೊಡ್ಡದು ಮಾಡಿದ, ಇಮೇಜುಗಳನ್ನು ಹಾರ್ಡ್ ಡಿಸ್ಕಿಗೆ ಸೇರಿಸಿದ, ಪೆನ್‌ಡ್ರೈವ್ ಕಿತ್ತು ಜೇಬಿಗೆ ಹಾಕಿಕೊಂಡ. ಕಂಪ್ಯೂಟರ್ ಎದ್ದಿತು. “ಭಾವ, ಈಗ ಕೀಳಬಹುದು ನೋಡಿ” ಎಂದ. ಗಿರಿಜಳೊಬ್ಬಳನ್ನು ಬಿಟ್ಟು ಎಲ್ಲರೂ ನಕ್ಕರು. ಕ್ಯಾಲೆಂಡರಿನ ಹಿಂದಿನ ಪಾಸ್‌ವರ್ಡ್ ಕೂಡ ಅಂದೇ ಬದಲಾಯಿತು.

ಆ ವಾರವೇ ಸಂಘದ ಸಭೆ ಸೇರಿತು. ಕಾರ್ಯದರ್ಶಿಯವರ ಪತಿಯಾದ ಮಲ್ಲಪ್ಪನವರು ಕಂಪ್ಯೂಟರ್ ಕೋಣೆಯ ಹೊಸ್ತಿಲು ದಾಟತಕ್ಕದ್ದಲ್ಲವೆಂದೂ, ಸಂಘದ ಸೇವೆ ಮಾಡಲೇಬೇಕೆಂಬ ಹಂಬಲ ಅವರಿಗೆ ಇದ್ದಲ್ಲಿ ಬೆಳಿಗ್ಗೆ ಸಂಜೆ ಡೈರಿಯ ನೆಲ ತೊಳೆಯಬಹುದೆಂದೂ ತೀರ್ಮಾನವಾಯಿತು. ಸೂಚಿಸಿದವರು ರತ್ನಮ್ಮ, ಅನುಮೋದಿಸಿದವರು ಚಿಕ್ಕತಾಯಮ್ಮ. ಅವರಿಬ್ಬರೂ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದದ್ದು ಊರಿನ ಇತಿಹಾಸದಲ್ಲಿ ಅದೇ ಮೊದಲು!

ಹಾಗೆ ಒಂದು ಬೆಳಿಗ್ಗೆ ಪೊರಕೆ ಹಿಡಿದು ನೆಲ ಉಜ್ಜುತ್ತಿದ್ದೆ. ಕಾರ್ಖಾನೆಯಲ್ಲಿ ನನ್ನ ಕೈಕೆಳಗೆ ಕೆಲಸ ಮಾಡಿದ್ದ ತಗಡೂರಿನ ನಂಜುಂಡ ಮೊಪೆಡ್ಡಿನಲ್ಲಿ ಬಂದಿಳಿದ. ಅವನ ತಂಗಿಯನ್ನು ನಮ್ಮೂರಿಗೆ ಕೊಟ್ಟಿದೆ. ಕೈಯಲ್ಲಿ ಒಂದು ಗಂಟು.

“ಅಣ್ಣಾ, ತಂಗಿ ಯೋಳುದ್ಲು. ನಿಮ್ ಬೂಟು ಎಲ್ಲೋ ಕಳ್ದೋಗಿ, ಅದಿಲ್ದೆ ಇಡೀ ಡೈರೀನೇ ನಿಂತೋಗಿತ್ತಂತೆ. ಎಂಥಾ ಗಾಚಾರ! ಫ್ಯಾಕ್ಟರೀಲಿ ಕೊಟ್ಟಿದ್ದು ಒಂದ್ ಜೊತೆ ನನ್ನತ್ರ ಅಂಗೇ ಇತ್ತು. ಆಕ್ಕಳಿ.”

ಗಂಟು ಬಿಚ್ಚಿದ. ಕಪ್ಪನೆಯ, ದಪ್ಪ ಅಟ್ಟೆಯ ಬೂಟುಗಳು.

ಅವನಿಗೆ ವಿವರಿಸೋಣವೆಂದು ಬಾಯಿ ತೆರೆದೆ. ಬೂಟ್ ಎಂದರೆ ಏನು, ಇಮೇಜ್ ಎಂದರೆ ಏನು, ಪೆನ್‌ಡ್ರೈವ್ ಯಾರದು… ಕಿಟಕಿಯೊಳಗಿಂದ ಗಿರಿಜ ನನ್ನನ್ನೇ ನೋಡುತ್ತಿದ್ದಳು. ಆ ದಿನದಿಂದೀಚೆಗೆ ಮೊದಲ ಸಲ ಅವಳ ಮುಖದಲ್ಲಿ ನಗು ಕಂಡಿತು. ಬಾಯಿ ಮುಚ್ಚಿಕೊಂಡೆ. ಮೆಟ್ಟಿಲ ಮೇಲೆ ಕೂತು ಕಾಲು ತೂರಿಸಿದೆ. ಎದ್ದು ನಾಲ್ಕು ಹೆಜ್ಜೆ ಹಾಕಿದೆ.

“ಸರಿಯಾಯ್ತಾ ಅಣ್ಣಾ?”

ಹೇಳಿ ಮಾಡಿಸಿದಂತಿತ್ತು. ಇಷ್ಟೆಲ್ಲ ಆದಮೇಲೆ, ನನ್ನ ಕೈಲಿ ಸರಿಯಾಗಿ ಆದ ಬೂಟು ಅದೊಂದೇ.